ಗ್ರಾನೈಟ್ ಬಂಡೆ, ಕಡಲಹುಲ್ಲು ಮತ್ತು ಸೊಂಟದ ಸೀಸ

ಮೆಡಿಟರೇನಿಯನ್ ಸಮುದ್ರದ ಕೊರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವೆ ಬೊನಿಫಾಸಿಯೊ ಜಲಸಂಧಿ ಇದೆ. ಅತ್ಯಂತ ಕಿರಿದಾದಲ್ಲಿ ಅದರ ಅಗಲ ಸುಮಾರು 12 ಕಿಲೋಮೀಟರ್. ಉತ್ತರದ ನೀರು ಫ್ರಾನ್ಸಿನದು, ದಕ್ಷಿಣದ್ದು ಇಟಲಿಯದು. ಫ್ರಾನ್ಸಿನ ಕಡೆಯ ಪುಟ್ಟ ದ್ವೀಪಗಳು ಲಾವೆಜ್ಜಿ, ಕವಾಲೊ. ಇಟಲಿಯ ಕಡೆ ಲಾ ಮದ್ದಲೇನಾ, ಕಪ್ರೇರಾ, ಸ್ಪಾರ್ಜಿ. ಬೊನಿಫಾಸಿಯೊ ಊರು ಬಿಳಿ ಸುಣ್ಣಕಲ್ಲಿನ ಕಡಿದಾದ ದಂಡೆಯ ಮೇಲಿದೆ. ಅಲ್ಲಿಂದ ದೋಣಿ ಹತ್ತಿ ಲಾವೆಜ್ಜಿ ಕಡೆಗೆ ಹೊರಟರೆ ಕಲ್ಲಿನ ಜಾತಿಯೇ ಬದಲಾಗುತ್ತದೆ: ಬೂದು, ನಸುಗೆಂಪು ಗ್ರಾನೈಟ್, ಒಂದರ ಮೇಲೊಂದು ಪೇರಿಸಿಟ್ಟ ಗುಂಡುಬಂಡೆಗಳು, ಅದೇ ಬಂಡೆಗಳು ನೀರಿನ ಕೆಳಗೂ ಮುಂದುವರಿದಿರುತ್ತವೆ.

ದೋಣಿಯ ಅಂಚಿನಿಂದ ಕೆಳಗೆ ನೋಡಿದರೆ ಮೂರು ಬಣ್ಣ ಕಾಣುತ್ತದೆ. ತೆಳು ಹಸಿರು ನೀಲಿ ಇದ್ದಲ್ಲಿ ಮರಳು. ಕಂದು ಬೂದಿ ಇದ್ದಲ್ಲಿ ಬಂಡೆ. ಕಡುನೀಲಿ, ಹೆಚ್ಚುಕಡಿಮೆ ಕಪ್ಪಾಗಿ ಹರಡಿರುವುದು ಹುಲ್ಲು. ಡೈವಿಂಗ್ ಕೇಂದ್ರಗಳ ಗೋಡೆಯ ನಕ್ಷೆಗಳಲ್ಲಿ ಹೆಸರು ಇರುವುದು ಬಂಡೆಗಳಿಗೆ ಮಾತ್ರ. ಹುಲ್ಲು ಅಂದರೆ ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗುವಾಗ ದಾಟುವ ಬಯಲು ಎಂಬ ಭಾವನೆ ಬಹಳ ಜನರಲ್ಲಿದೆ. ಈ ಬರಹ ಅದಕ್ಕೆ ವಿರುದ್ಧವಾಗಿದೆ. ಇಲ್ಲಿನ ಒಂದು ಡೈವ್‌ನ ಅರ್ಧ ಸಂಪತ್ತು ಆ ಹುಲ್ಲಿನಲ್ಲಿದೆ, ಮತ್ತು ಅದನ್ನು ನೋಡಲು ಆಗುವುದೂ ಆಗದಿರುವುದೂ ಬಹುಪಾಲು ಮುಳುಗಲೆಂದು ಸೊಂಟಕ್ಕೆ ಕಟ್ಟಿಕೊಂಡ ಸೀಸದ ತೂಕದ ಲೆಕ್ಕದ ಮೇಲೆ ನಿಂತಿದೆ.

ಮೊದಲು ಬಂಡೆಯ ವಿಷಯ. ಈ ಗ್ರಾನೈಟ್ ಸುಮಾರು 30 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಗಟ್ಟಿಯಾದದ್ದು. ಅದರ ಈಗಿನ ಆಕಾರವನ್ನು ಕೊಟ್ಟದ್ದು ಮಾತ್ರ ಸಮುದ್ರವಲ್ಲ. ಗ್ರಾನೈಟ್‌ನಲ್ಲಿ ಅಡ್ಡ ಉದ್ದ ಬಿರುಕುಗಳಿರುತ್ತವೆ. ಮಣ್ಣಿನಡಿ ಇರುವಾಗ ಆ ಬಿರುಕುಗಳಿಗೆ ನೀರು ಇಳಿದು, ಮೂಲೆಗಳು ಮೂರೂ ಕಡೆಯಿಂದ ಕರಗಿ, ಚೌಕಟ್ಟಾಗಿದ್ದ ಕಲ್ಲು ಉರುಟಾಗುತ್ತದೆ. ಸುತ್ತಲಿನ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಬಯಲಾಗುತ್ತವೆ. ಹಂಪಿಯ ಬಂಡೆರಾಶಿ ಆದದ್ದೂ ಇದೇ ಕ್ರಮದಲ್ಲಿ, ಅಲ್ಲಿನ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ ಎನ್ನುವುದಷ್ಟೇ ವ್ಯತ್ಯಾಸ. ಹಿಂದಿನ ಹಿಮಯುಗ ತುತ್ತತುದಿಯಲ್ಲಿದ್ದಾಗ, ಸುಮಾರು 20,000 ವರ್ಷಗಳ ಹಿಂದೆ, ಸಮುದ್ರಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕೊರ್ಸಿಕಾ ಮತ್ತು ಸಾರ್ಡಿನಿಯಾ ಆಗ ಒಂದೇ ನೆಲ. ಹಾಗಾಗಿ 20 ಮೀಟರ್ ಆಳದಲ್ಲಿ ಡೈವರ್ ಸುತ್ತುಹಾಕುವ ಬಂಡೆಗಳು ಬಿಸಿಲು ಮಳೆ ಕಂಡು ಆಮೇಲೆ ಮುಳುಗಿದವು. ಕೆಲವದರ ಮೈಯಲ್ಲಿ ಕಾಣುವ ಬಟ್ಟಲಿನಂಥ ಟೊಳ್ಳುಗಳು ದಡದ ಮೇಲಿನ ಬಂಡೆಗಳಲ್ಲೂ ಹಾಗೆಯೇ ಇವೆ.

ಇದರಿಂದ ಡೈವರಿಗೆ ಒಂದು ನೇರ ಉಪಯೋಗವಿದೆ. ಸುಣ್ಣಕಲ್ಲು ನೀರಿಗೆ ಕರಗುತ್ತದೆ, ಒಳಗೆ ಉದ್ದುದ್ದ ಸುರಂಗಗಳಾಗುತ್ತವೆ, ದಾರಿ ತಪ್ಪುವ ಅಪಾಯವಿರುತ್ತದೆ. ಗ್ರಾನೈಟ್‌ನಲ್ಲಿ ಸಿಗುವುದು ಬಂಡೆಗಳ ನಡುವಿನ ಸಂದುಗಳು. ಅವು ಚಿಕ್ಕವು, ಬಹಳಷ್ಟು ಸಲ ಒಂದು ತುದಿಯಿಂದ ಇನ್ನೊಂದು ತುದಿಯ ಬೆಳಕು ಕಾಣುತ್ತದೆ. ಕಾಣದಿದ್ದರೆ ಒಳಗೆ ಹೋಗಬಾರದು, ಅಷ್ಟೇ ನಿಯಮ. ಸಂದಿನಲ್ಲಿ ನಿಜವಾದ ತೊಂದರೆ ಅಲೆಯ ತಳ್ಳಾಟದ್ದು. ಮೇಲೆ ಒಂದು ಮೀಟರ್ ಎತ್ತರದ ಅಲೆ ಇದ್ದರೂ 6–8 ಮೀಟರ್ ಆಳದ ಕಿರಿದಾದ ಸಂದಿನಲ್ಲಿ ನೀರು ಮುಂದಕ್ಕೂ ಹಿಂದಕ್ಕೂ ಜೋರಾಗಿ ಹರಿಯುತ್ತದೆ. ಎದುರು ಬರುವ ಹೊತ್ತಿಗೆ ಕಾಲು ಬಡಿದರೆ ಗಾಳಿ ಖರ್ಚಾಗುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಬಾಯಲ್ಲಿ ನಿಂತು ಎರಡು ಮೂರು ಸುತ್ತು ಲಯ ನೋಡಿ, ನೀರು ನಿಮ್ಮ ದಿಕ್ಕಿಗೆ ತಿರುಗುತ್ತಿದ್ದಂತೆ ಅದರ ಜೊತೆ ಹೋಗಿ, ಅದು ಹಿಂದಿರುಗುವಾಗ ಸುಮ್ಮನೆ ತೇಲುತ್ತಿರಿ. ಗ್ರಾನೈಟ್‌ನ ಮೈಯಲ್ಲಿ ಎದ್ದಿರುವ ಹರಳುಗಳು ತೆಳುವಾದ ವೆಟ್‌ಸೂಟನ್ನೂ ಬರಿಗೈಯನ್ನೂ ಕೆರೆಯುತ್ತವೆ. ತಳ್ಳಾಟ ಬಲವಾಗಿದ್ದ ದಿನ ಸಂದು ಬಿಟ್ಟು ಹೊರಗಿನಿಂದಲೇ ಸುತ್ತಿ ಬರುವುದು ಲೇಸು.

ಒಂದೇ ಬಂಡೆಗೆ ಎರಡು ಊರುಗಳಿವೆ. ಬಿಸಿಲು ಬೀಳುವ ಮುಖದಲ್ಲಿ ಕಂದು ಪಾಚಿ, ಅದನ್ನು ಮೇಯುವ ಕಡಲಮುಳ್ಳಿಗಗಳು, ಅತ್ತಿತ್ತ ಓಡಾಡುವ ಬಣ್ಣದ ರಾಸ್ ಮೀನುಗಳು. ನೆರಳಿನ ಮುಖಕ್ಕೆ, ಚಾಚಿದ ಬಂಡೆಯ ಅಡಿಗೆ ಟಾರ್ಚ್ ಹಿಡಿದರೆ ಬೇರೆಯದೇ ಜಗತ್ತು: ಹಳದಿ ಹೂವಿನಂಥ ಪುಟ್ಟ ಆನಿಮೋನ್‌ಗಳ ಗುಂಪು, ಕಿತ್ತಳೆ, ನೇರಳೆ ಸ್ಪಂಜುಗಳು, ಬಿರುಕಿನೊಳಗೆ ಕೆಂಪು ಕಾರ್ಡಿನಲ್ ಮೀನು, ಬಾಯಿ ತೆರೆದು ಮುಚ್ಚುತ್ತಾ ಉಸಿರಾಡುವ ಮೋರೆ ಈಲ್. 20–25 ಮೀಟರ್ ದಾಟಿದ ಮೇಲೆ ನೆರಳಿರುವಲ್ಲಿ ಹವಳದ ಬಳಗದ, ಬೀಸಣಿಗೆಯಂಥ ಕೆಂಪು ಗೋರ್ಗೋನಿಯನ್‌ಗಳು. ಆ ಆಳದಲ್ಲಿ ನೀರು ಕೆಂಪು ಬೆಳಕನ್ನು ಹೀರಿಬಿಟ್ಟಿರುವುದರಿಂದ ಟಾರ್ಚ್ ಇಲ್ಲದೆ ಅವು ಮಾಸಿದ ನೀಲಿಯಾಗಿ ಕಾಣುತ್ತವೆ. ಮಧ್ಯಾಹ್ನದ ಡೈವ್‌ಗೂ ಟಾರ್ಚ್ ಒಯ್ಯಬೇಕು ಎನ್ನುವುದು ಇದಕ್ಕೇ.

ಇನ್ನು ಹುಲ್ಲು. ಪೊಸಿಡೋನಿಯಾ ಓಷಿಯಾನಿಕಾ ಪಾಚಿಯಲ್ಲ, ಬೇರು, ಕಾಂಡ, ಎಲೆ, ಹೂವು, ಹಣ್ಣು ಎಲ್ಲವೂ ಇರುವ ಗಿಡ. ಮೆಡಿಟರೇನಿಯನ್ ಬಿಟ್ಟರೆ ಬೇರೆಲ್ಲೂ ಬೆಳೆಯುವುದಿಲ್ಲ. ಎಲೆ ಸುಮಾರು ಒಂದು ಸೆಂಟಿಮೀಟರ್ ಅಗಲದ ರಿಬ್ಬನ್, ಬೇಸಿಗೆಯಲ್ಲಿ ಒಂದು ಮೀಟರ್‌ವರೆಗೂ ಉದ್ದ. ನೀರು ತಿಳಿಯಾಗಿದ್ದರೆ 40 ಮೀಟರ್ ಆಳದವರೆಗೂ ಹಬ್ಬುತ್ತದೆ, ಕೊರ್ಸಿಕಾದ ಸುತ್ತ ನೀರು ತಿಳಿಯೇ. ಹೂ ಬಿಡುವುದು ಶರತ್ಕಾಲದಲ್ಲಿ. ಹಣ್ಣು ಮುಂದಿನ ಬೇಸಿಗೆಯ ಹೊಸ್ತಿಲಲ್ಲಿ ಕಳಚಿ ನೀರಿನ ಮೇಲೆ ತೇಲುತ್ತದೆ; ಗಾತ್ರ, ಬಣ್ಣ ಎರಡರಲ್ಲೂ ಆಲಿವ್ ಕಾಯಿಯಂತಿರುವುದರಿಂದ ಇಟಲಿಯವರು ಅದನ್ನು ಕಡಲ ಆಲಿವ್ ಎನ್ನುತ್ತಾರೆ.

ಅದರ ಕಾಂಡದ ಬೆಳವಣಿಗೆಯಲ್ಲಿ ಎಲ್ಲ ಅಡಗಿದೆ. ಅಡ್ಡಡ್ಡ ಹರಿಯುವ ಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಮುಂದುವರಿಯುತ್ತದೆ. ಮೇಲಕ್ಕೆ ಏಳುವ ಕಾಂಡ ಎಲೆಗಳು ತಡೆದು ನಿಲ್ಲಿಸಿದ ಮರಳಿನಲ್ಲಿ ಹೂತುಹೋಗದಂತೆ ನಿಧಾನವಾಗಿ ಎತ್ತರವಾಗುತ್ತದೆ. ಹಳೆಯ ಕಾಂಡ, ಬೇರು, ಮರಳು ಸೇರಿ ಗಟ್ಟಿಯಾದ ಒಂದು ಹಾಸು ಕಟ್ಟುತ್ತದೆ, ಫ್ರೆಂಚರು ಇದಕ್ಕೆ ಮಾತ್ ಎನ್ನುತ್ತಾರೆ. ಇದು ಏರುವುದು ನೂರು ವರ್ಷಕ್ಕೆ ಹೆಚ್ಚೆಂದರೆ ಒಂದು ಮೀಟರ್‌ನಷ್ಟು. ಹುಲ್ಲುಗಾವಲಿನ ಅಂಚಿನಲ್ಲಿ ಒಂದೂವರೆ ಮೀಟರ್ ಎತ್ತರದ ಕಂದು ನಾರಿನ ಗೋಡೆ ಕಂಡರೆ ಅದು ಶತಮಾನಗಳ ಗೋಡೆ. ಅದರೊಳಗೆ ಗಾಳಿಯಾಡದೆ ಕೊಳೆಯದೆ ಉಳಿದ ಇಂಗಾಲ ಸಾವಿರಾರು ವರ್ಷ ಹಾಗೇ ಇರಬಲ್ಲದು. ಈ ಗೋಡೆಯ ಬುಡದಲ್ಲಿ ಒಂದು ಸಣ್ಣ ಹಳ್ಳ ಬಿದ್ದರೂ ಹರಿವು ಅಲ್ಲಿಂದ ಮರಳನ್ನು ಕಿತ್ತು ಹಳ್ಳವನ್ನು ದೊಡ್ಡದು ಮಾಡುತ್ತಾ ಹೋಗುತ್ತದೆ. ಗಾಯ ತಾನಾಗಿ ಮುಚ್ಚುವ ವೇಗಕ್ಕಿಂತ ತೆರೆದುಕೊಳ್ಳುವ ವೇಗ ಹೆಚ್ಚು.

ಹುಲ್ಲಿನೊಳಗೆ ನೋಡುವುದು ಬಂಡೆ ನೋಡಿದಂತಲ್ಲ. ಅಂಚಿನಲ್ಲಿ, ಎಲೆತುದಿಗಿಂತ ಅರ್ಧ ಮೀಟರ್ ಮೇಲೆ, ತಲೆ ಸ್ವಲ್ಪ ತಗ್ಗಿಸಿ ಐದು ನಿಮಿಷ ಕದಲದೆ ಇರಬೇಕು. ಎಲೆಗಳು ಒಂದೇ ಲಯದಲ್ಲಿ ಬಾಗುತ್ತವೆ. ಅವುಗಳ ಜೊತೆ ಬಾಗದ್ದು, ಅಥವಾ ಒಂದು ಕ್ಷಣ ತಡವಾಗಿ ಬಾಗಿದ್ದು ಪ್ರಾಣಿ. ಹುಲ್ಲಿನದೇ ಹಸಿರಿನ ರಾಸ್ ಮೀನು, ಕಡ್ಡಿಯಂತೆ ನಿಂತ ಪೈಪ್‌ಫಿಶ್, ಎಲೆಬುಡದಲ್ಲಿ ಕಾದು ಕುಳಿತ ಆಕ್ಟೋಪಸ್, ಕೆಲವೊಮ್ಮೆ ಕಟಲ್‌ಫಿಶ್. ಸಾಲ್ಪಾ ಎಂಬ ಚಿನ್ನದ ಗೆರೆಯ ಮೀನುಗಳು ನೂರಾರು ಸಂಖ್ಯೆಯಲ್ಲಿ ಬಂದು ಹುಲ್ಲು ಮೇಯುತ್ತವೆ. ಎಲೆಯ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು ಕಂಡರೆ ಅವು ಆ ದಾರಿ ಹೋಗಿವೆ ಎಂದರ್ಥ. ಬಂಡೆಯ ಮೇಲೆ ಬಣ್ಣಬಣ್ಣವಾಗಿ ತಿರುಗುವ ಮೀನುಗಳಲ್ಲಿ ಅನೇಕವು ಮರಿಯಾಗಿದ್ದಾಗ ಬದುಕಿ ಉಳಿದದ್ದು ಈ ಹುಲ್ಲಿನ ಮರೆಯಲ್ಲಿ.

ಈಗ ಸೀಸದ ಲೆಕ್ಕ. ನೇತ್ರಾಣಿಯಲ್ಲಿ ಕಲಿತು, ಆಮೇಲೆ ಯುರೋಪಿನಲ್ಲಿ ಓದು ಕೆಲಸ ಎಂದು ನೆಲೆಸಿ ಇತ್ತ ಬರುವ ಕನ್ನಡಿಗರಿಗೆ ಇಲ್ಲಿ ಮೂರು ಸಂಗತಿ ಒಟ್ಟಿಗೆ ಬದಲಾಗುತ್ತವೆ. ಒಂದು, ನೀರು. ಇಲ್ಲಿ ಉಪ್ಪು ಲೀಟರಿಗೆ ಸುಮಾರು 38 ಗ್ರಾಂ, ಜೊತೆಗೆ ನೀರು ತಣ್ಣಗೆ. ನಮ್ಮ ಕರಾವಳಿಯ ಬೆಚ್ಚಗಿನ ನೀರಿಗೆ ಹೋಲಿಸಿದರೆ ಲೀಟರಿಗೆ ಸುಮಾರು 5 ಗ್ರಾಂ ಹೆಚ್ಚು ಭಾರ. ಸಲಕರಣೆ ಸಮೇತ 100 ಲೀಟರ್ ಜಾಗ ಹಿಡಿಯುವ ಡೈವರಿಗೆ ಇದು ಅರ್ಧ ಕೆಜಿ ಸೀಸ. ಎರಡು, ಸೂಟ್. 3 ಮಿಲಿಮೀಟರ್ ಬದಲು 5 ಅಥವಾ 7 ಮಿಲಿಮೀಟರ್ ದಪ್ಪದ ನಿಯೋಪ್ರೀನ್ (ನೊರೆರಬ್ಬರ್) ತೊಟ್ಟಾಗ ಅದರೊಳಗಿನ ಗಾಳಿಗುಳ್ಳೆಗಳು ಕೆಲವು ಕೆಜಿಯಷ್ಟು ಮೇಲಕ್ಕೆ ಎತ್ತುತ್ತವೆ. ಮೂರು, ಸಿಲಿಂಡರ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 11 ಲೀಟರಿನ ಅಲ್ಯೂಮಿನಿಯಂ, ಅದು ಖಾಲಿಯಾದಂತೆ ಸುಮಾರು 2 ಕೆಜಿಯಷ್ಟು ಮೇಲಕ್ಕೆ ಎಳೆಯುತ್ತದೆ. ಇಲ್ಲಿ 12 ಅಥವಾ 15 ಲೀಟರಿನ ಸ್ಟೀಲ್, ಅದು ಹಾಗೆ ತೇಲುವುದಿಲ್ಲ. ಮೊದಲ ಎರಡು ಸೀಸವನ್ನು ಹೆಚ್ಚಿಸುತ್ತವೆ, ಮೂರನೆಯದು ಇಳಿಸುತ್ತದೆ. ಊರಿನ ಲಾಗ್‌ಬುಕ್ಕಿನಲ್ಲಿ ಬರೆದಿಟ್ಟ ಅಂಕಿ ಇಲ್ಲಿ ನಡೆಯುವುದಿಲ್ಲ.

70 ಕೆಜಿ ತೂಕದವರು 5 ಮಿಲಿಮೀಟರ್ ಸೂಟ್, ತಲೆಗವಸು, 12 ಲೀಟರ್ ಸ್ಟೀಲ್ ಸಿಲಿಂಡರ್ ಇಟ್ಟುಕೊಂಡು 5–6 ಕೆಜಿಯಿಂದ ಶುರು ಮಾಡಬಹುದು. ಪರೀಕ್ಷೆ ಮಾಡಬೇಕಾದದ್ದು ಡೈವ್‌ನ ಕೊನೆಯಲ್ಲಿ. ಕಾರಣ ಸರಳ: 12 ಲೀಟರ್ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಒಳಗಿರುವುದು 2,400 ಲೀಟರ್ ಗಾಳಿ, ಲೀಟರಿಗೆ 1.2 ಗ್ರಾಂನಂತೆ ಸುಮಾರು 2.9 ಕೆಜಿ. 50 ಬಾರ್‌ಗೆ ಇಳಿದಾಗ ಅದರಲ್ಲಿ 2 ಕೆಜಿಗೂ ಹೆಚ್ಚು ಉಸಿರಾಗಿ ಹೋಗಿರುತ್ತದೆ. 50 ಬಾರ್ ಉಳಿದಿರುವಾಗ 5 ಮೀಟರ್ ಆಳದಲ್ಲಿ, ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್) ಪೂರ್ತಿ ಖಾಲಿ ಮಾಡಿ, ಸಹಜ ಉಸಿರಿನಲ್ಲಿ ಏರದೆ ಇಳಿಯದೆ ಇರಲು ಆಗುವುದೇ ಸರಿಯಾದ ತೂಕ. ಮುಳುಗುತ್ತಿದ್ದರೆ ಮುಂದಿನ ಸಲ ಒಂದು ಕೆಜಿ ತೆಗೆಯಿರಿ. ಒಂದೊಂದೇ ಕೆಜಿ, ಒಮ್ಮೆಗೆ ಎರಡಲ್ಲ.

ಎರಡು ಕೆಜಿ ಹೆಚ್ಚಾದರೆ ಏನಂತೆ ಎಂದು ಕೇಳುವವರಿದ್ದಾರೆ. ಆ ಎರಡು ಕೆಜಿ ಹೊರಲು ಬಿಸಿಡಿಗೆ ಎರಡು ಲೀಟರ್ ಗಾಳಿ ಹೆಚ್ಚು ಬೇಕು. ಗಾಳಿ ಎದೆ ಬೆನ್ನಿನ ಹತ್ತಿರ, ಸೀಸ ಸೊಂಟದಲ್ಲಿ. ಮೇಲ್ಭಾಗ ಏರಿ ಕಾಲು ಇಳಿಯುತ್ತದೆ, ದೇಹ ಓರೆಯಾಗುತ್ತದೆ. ಓರೆ ದೇಹದಲ್ಲಿ ಕಾಲಿಗೆ ತೊಟ್ಟ ಫಿನ್ ಬಡಿದಾಗ ನೀರಿನ ಹೊಡೆತ ಹಿಂದಕ್ಕೆ ಹೋಗದೆ ಕೆಳಕ್ಕೆ, ಹುಲ್ಲಿಗೆ ಹೋಗುತ್ತದೆ. ಮರಳು ಏಳುತ್ತದೆ, ಎಲೆ ಹರಿಯುತ್ತದೆ, ಪೈಪ್‌ಫಿಶ್ ಮಾಯವಾಗುತ್ತದೆ, ಹಿಂದೆ ಬರುವವರಿಗೆ ಮಂಜು ಮಾತ್ರ. ಬಿಸಿಡಿಯಲ್ಲಿ ಗಾಳಿ ಹೆಚ್ಚಿದ್ದಷ್ಟೂ ಒಂದು ಮೀಟರ್ ಏರಿಳಿದರೂ ಅದು ಹಿಗ್ಗಿ ಕುಗ್ಗುವ ಪ್ರಮಾಣ ಹೆಚ್ಚು, ಹಾಗಾಗಿ ಗುಂಡಿ ಒತ್ತುತ್ತಲೇ ಇರಬೇಕಾಗುತ್ತದೆ. ತೂಕ ಸರಿಯಿದ್ದರೆ ಆ ಕೆಲಸವನ್ನೆಲ್ಲ ಶ್ವಾಸಕೋಶ ಮಾಡುತ್ತದೆ. ಅರ್ಧ ಲೀಟರ್ ಹೆಚ್ಚು ಎಳೆದುಕೊಂಡರೆ ಅರ್ಧ ಕೆಜಿ ಹಗುರ, ಪರಿಣಾಮ ಕಾಣಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ ಎನ್ನುವುದನ್ನು ನೆನಪಿಟ್ಟರೆ ಸಾಕು. ಆ ಎರಡು ಸೆಕೆಂಡಿಗೆ ಮೊದಲೇ ಗಾಬರಿಯಾಗಿ ಬಿಸಿಡಿಗೆ ಗಾಳಿ ತುಂಬುವುದು ಎಲ್ಲ ಹೊಸಬರ ತಪ್ಪು.

ಕಾಲು ಬಡಿಯುವ ರೀತಿಯನ್ನೂ ಬದಲಿಸಬೇಕು. ಮೊಣಕಾಲು ಮಡಚಿ, ಪಾದ ಮೇಲೆತ್ತಿ, ಕಪ್ಪೆ ಈಜುವಂತೆ ಎರಡೂ ಫಿನ್‌ಗಳನ್ನು ಪಕ್ಕಕ್ಕೆ ತಳ್ಳಿ ಹತ್ತಿರ ತಂದು ಜಾರಲು ಬಿಡಬೇಕು. ನೇತಾಡುವ ಪ್ರೆಷರ್ ಗೇಜ್, ಹೆಚ್ಚುವರಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಎರಡನ್ನೂ ಎದೆಗೆ ಸಿಕ್ಕಿಸಿ, ಇಲ್ಲದಿದ್ದರೆ ಅವು ಹುಲ್ಲಿಗೂ ಗೋರ್ಗೋನಿಯನ್‌ಗೂ ಸಿಕ್ಕಿಕೊಳ್ಳುತ್ತವೆ. ಹುಲ್ಲಿನ ಮೇಲೆ ಮೊಣಕಾಲೂರಿ ಮಾಸ್ಕ್ ಖಾಲಿ ಮಾಡುವ ಪಾಠ ಹೇಳಿಕೊಡುವುದು ಬೇಡವೇ ಬೇಡ. ಪಕ್ಕದಲ್ಲೇ ಮರಳಿನ ಜಾಗ ಇದ್ದೇ ಇರುತ್ತದೆ. ರೆಗ್ಯುಲೇಟರ್ ಸ್ವಂತದ್ದಾಗಿದ್ದರೆ ಕೂಡುವ ಬಗೆಯನ್ನು ಮೊದಲೇ ಕೇಳಿಕೊಳ್ಳಿ. ಯುರೋಪಿನಲ್ಲಿ ಡಿನ್ ಮಾದರಿಯ ತಿರುಪಿನ ಕವಾಟ ಸಾಮಾನ್ಯ, ನಮ್ಮಲ್ಲಿ ಬಳಕೆಯ ಯೋಕ್ ಹಿಡಿತಕ್ಕೆ ಅದರೊಳಗೊಂದು ಬಿಲ್ಲೆ ಬೇಕಾಗುತ್ತದೆ.

ಡೈವ್ ಯೋಜನೆ ಬಂಡೆಯಿಂದ ಹುಲ್ಲಿಗೆ, ಆಳದಿಂದ ಮೇಲಕ್ಕೆ ಇರಲಿ. ನಿಮಿಷಕ್ಕೆ 18 ಲೀಟರ್ ಉಸಿರಾಡುವವರು 20 ಮೀಟರ್ ಆಳದಲ್ಲಿ, ಅಂದರೆ 3 ಬಾರ್ ಒತ್ತಡದಲ್ಲಿ, 54 ಲೀಟರ್ ಖರ್ಚು ಮಾಡುತ್ತಾರೆ. 50 ಬಾರ್ ಮೀಸಲಿಟ್ಟು ಉಳಿದ 1,800 ಲೀಟರ್ ಸುಮಾರು 33 ನಿಮಿಷ ಬರುತ್ತದೆ. ಚಳಿಗೆ ನಡುಗಿ, ತಳ್ಳಾಟದ ಎದುರು ಕಾಲು ಬಡಿದು ಉಸಿರು 25 ಲೀಟರಿಗೆ ಏರಿದರೆ ಅದೇ ಗಾಳಿ 24 ನಿಮಿಷ ಮಾತ್ರ. ಅದೇ 8 ಮೀಟರಿನ ಹುಲ್ಲಿನ ಮೇಲೆ 18 ಲೀಟರಿನವರ ಖರ್ಚು ನಿಮಿಷಕ್ಕೆ 32 ಲೀಟರ್ ಆಸುಪಾಸು. ಬಂಡೆಯ ಬುಡದಲ್ಲಿ ಕಾಲು ಗಂಟೆ ಕಳೆದು, 100 ಬಾರ್ ಆಗುವ ಮೊದಲೇ ಮೇಲೇರಿ ಹುಲ್ಲಿನ ಅಂಚಿಗೆ ಬಂದರೆ ಅಲ್ಲಿ ಆತುರವಿಲ್ಲದ ಹೊತ್ತು ಸಿಗುತ್ತದೆ. 5 ಮೀಟರಿನ ಮೂರು ನಿಮಿಷದ ಸುರಕ್ಷತಾ ನಿಲುಗಡೆಯೂ ಹುಲ್ಲಿನ ಮೇಲೆಯೇ ಆಗುತ್ತದೆ, ಕಣ್ಣಿಗೆ ಕೆಲಸವೂ ಇರುತ್ತದೆ.

ಆಗಸ್ಟಿನಲ್ಲಿ ಮೇಲಿನ ನೀರು 25 ಡಿಗ್ರಿ ಮುಟ್ಟುತ್ತದೆ. ಅದನ್ನು ನಂಬಿ ತೆಳು ಸೂಟ್ ತೊಟ್ಟವರು ತಾಪಮಾನದ ಪದರ ದಾಟುವಾಗ ಪಶ್ಚಾತ್ತಾಪ ಪಡುತ್ತಾರೆ. 15ರಿಂದ 30 ಮೀಟರ್ ನಡುವೆ ಎಲ್ಲೋ ಒಂದು ಕಡೆ ನೀರು ಒಂದೆರಡು ಮೀಟರಿನೊಳಗೆ ಹಲವು ಡಿಗ್ರಿ ಇಳಿದುಬಿಡುತ್ತದೆ. ಚಳಿಗಾಲದಲ್ಲಿ ಮೇಲಿಂದ ತಳದವರೆಗೂ 13–14 ಡಿಗ್ರಿ. ಮೇ, ಜೂನ್‌ನಲ್ಲಿ 7 ಮಿಲಿಮೀಟರ್, ಆಗಸ್ಟ್, ಸೆಪ್ಟೆಂಬರ್‌ನಲ್ಲಿ 5, ಎರಡಕ್ಕೂ ತಲೆಗವಸು. ಸೆಪ್ಟೆಂಬರ್ ಎಲ್ಲಕ್ಕಿಂತ ಒಳ್ಳೆಯ ತಿಂಗಳು: ಬೆಚ್ಚಗಿನ ಪದರ ಆಳಕ್ಕೆ ಇಳಿದಿರುತ್ತದೆ, ವಿಹಾರದೋಣಿಗಳ ಸಂತೆ ಕರಗಿರುತ್ತದೆ.

ಇಲ್ಲಿ ಉಬ್ಬರ ಇಳಿತದ ಪಟ್ಟಿ ನೋಡಿ ಪ್ರಯೋಜನವಿಲ್ಲ. ಉಬ್ಬರದ ಏರುಪೇರು ಕೆಲವು ಹತ್ತು ಸೆಂಟಿಮೀಟರ್ ಅಷ್ಟೇ. ಸೆಳೆತ ಹುಟ್ಟುವುದು ಗಾಳಿಯಿಂದ. ಎರಡು ಬೆಟ್ಟದ ದ್ವೀಪಗಳ ನಡುವೆ ಸಿಕ್ಕಿದ ಪಡುವಣ ಗಾಳಿ ಜಲಸಂಧಿಯಲ್ಲಿ ಇನ್ನಷ್ಟು ಬಿರುಸಾಗುತ್ತದೆ. 1855ರ ಫೆಬ್ರವರಿ 15ರಂದು ತುಲೋನ್‌ನಿಂದ ಕ್ರಿಮಿಯಾ ಯುದ್ಧಕ್ಕೆ ಸೈನಿಕರನ್ನು ಹೊತ್ತು ಹೊರಟಿದ್ದ ಸೆಮಿಯಾಂತ್ ಎಂಬ ಫ್ರೆಂಚ್ ಯುದ್ಧನೌಕೆ ಇಂಥ ಬಿರುಗಾಳಿಯಲ್ಲಿ ಲಾವೆಜ್ಜಿಯ ಬಂಡೆಗಳಿಗೆ ಬಡಿದು ಒಡೆಯಿತು. ಸುಮಾರು 700 ಜನರಲ್ಲಿ ಒಬ್ಬರೂ ಬದುಕಲಿಲ್ಲ, ಆ ಪುಟ್ಟ ದ್ವೀಪದಲ್ಲಿ ಅವರ ಎರಡು ಸ್ಮಶಾನಗಳಿವೆ. ನಾವಿಕರು ಗಾಳಿ ನೋಡಿ ಇವತ್ತು ಬೇಡ ಎಂದರೆ ವಾದಿಸಬೇಡಿ.

ಲಾವೆಜ್ಜಿ ಬಳಿಯ ಮೆರೂವಿಲ್ ಅತಿ ಹೆಸರಾದ ಜಾಗ. ಗ್ರೂಪರ್ ಮೀನಿಗೆ ಫ್ರೆಂಚಿನಲ್ಲಿ ಮೆರೂ, ಹಾಗಾಗಿ ಗ್ರೂಪರ್‌ಗಳ ಪಟ್ಟಣ. ಈ ಮೀನು ಹೆಣ್ಣಾಗಿ ಬೆಳೆದು, ವಯಸ್ಸಾದ ಮೇಲೆ ಕೆಲವು ಗಂಡಾಗುತ್ತವೆ. ಈಟಿ ಹಿಡಿದು ಬೇಟೆಯಾಡುವವರು ದೊಡ್ಡದನ್ನೇ ಆರಿಸಿ ಹೊಡೆದಾಗ ಗಂಡುಗಳೇ ಮೊದಲು ಇಲ್ಲವಾದವು, ಸಂತತಿ ಕುಸಿಯಿತು. ಕೊರ್ಸಿಕಾದಲ್ಲೂ ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲೂ ನಿಷೇಧ ಬಂದ ಮೇಲೆ, 1999ರಲ್ಲಿ ಸುಮಾರು 80,000 ಹೆಕ್ಟೇರಿನ ಬೊನಿಫಾಸಿಯೊ ಮೀಸಲು ಪ್ರದೇಶ ಘೋಷಣೆಯಾದ ಮೇಲೆ ಈಗ ಮೀಟರ್ ಉದ್ದದ ಗ್ರೂಪರ್‌ಗಳು ಬಂಡೆಯ ಮುಂದೆ ನಿರ್ಭಯವಾಗಿ ನಿಂತಿರುತ್ತವೆ. ಬೆನ್ನಟ್ಟಿದರೆ ಬಿಲ ಸೇರುತ್ತವೆ, ಸುಮ್ಮನಿದ್ದರೆ ಅವೇ ನೋಡಲು ಬರುತ್ತವೆ. ತಿನ್ನಲು ಏನನ್ನೂ ಕೊಡಬಾರದು. ಕೈಯಿಂದ ತಿಂದು ಕಲಿತ ಮೀನು ಕೈಯನ್ನೇ ಕಚ್ಚುತ್ತದೆ, ಮತ್ತು ಈಟಿ ಹಿಡಿದವನನ್ನೂ ಹಾಗೇ ನಂಬುತ್ತದೆ.

ಹುಲ್ಲಿಗೆ ಡೈವರಿಗಿಂತ ದೊಡ್ಡ ಶತ್ರು ಲಂಗರು. ಕೊಕ್ಕೆ ಕಾಂಡದ ಹಾಸಿನೊಳಗೆ ಇಳಿಯುತ್ತದೆ, ಎತ್ತುವಾಗ ಅದನ್ನು ಕಿತ್ತುಕೊಂಡೇ ಬರುತ್ತದೆ. ಗಾಳಿಗೆ ದೋಣಿ ತಿರುಗಿದಂತೆ ಸರಪಳಿ ಸುತ್ತಲೂ ನೆಲ ಕೆರೆದು ಬೋಳು ವೃತ್ತ ಮಾಡುತ್ತದೆ. 2019ರಿಂದ ಫ್ರಾನ್ಸಿನ ಮೆಡಿಟರೇನಿಯನ್ ತೀರದಲ್ಲಿ ನಿಯಮ ಬಿಗಿಯಾಗಿ, 24 ಮೀಟರ್ ಮತ್ತು ಅದಕ್ಕೂ ಉದ್ದದ ಹಡಗುಗಳು ಪೊಸಿಡೋನಿಯಾ ಮೇಲೆ ಲಂಗರು ಹಾಕುವಂತಿಲ್ಲ. ಸಣ್ಣ ದೋಣಿ ಬಾಡಿಗೆಗೆ ಪಡೆದವರು ಬೋಯ್ (ದೋಣಿ ಕಟ್ಟಲು ತೇಲಿಬಿಟ್ಟ ಗುಂಡು) ಇದ್ದರೆ ಅದಕ್ಕೇ ಕಟ್ಟಬೇಕು. ಇಲ್ಲದಿದ್ದರೆ ತೆಳುಬಣ್ಣದ ಮರಳು ಹುಡುಕಿ ಅದರ ನಡುವೆ ಲಂಗರು ಬಿಟ್ಟು, ದೋಣಿ ತಿರುಗಿದಾಗ ಸರಪಳಿ ಹುಲ್ಲಿಗೆ ಎಟುಕುತ್ತದೆಯೇ ಎಂದು ಮಾಸ್ಕ್ ಹಾಕಿ ಇಳಿದು ನೋಡಬೇಕು. ಕೇಂದ್ರ ಆರಿಸುವಾಗ ನಾನು ಬೆಲೆಗಿಂತ ಮೊದಲು ಕೇಳುವ ಪ್ರಶ್ನೆ ಇದು: ದೋಣಿ ಎಲ್ಲಿ ಕಟ್ಟುತ್ತೀರಿ?

ಮರಳಿನಲ್ಲೂ ಕೈ ಊರುವ ಮೊದಲು ನೋಡಿ. ವೀವರ್ ಮೀನು ಕಣ್ಣು ಮತ್ತು ಬೆನ್ನಿನ ವಿಷಮುಳ್ಳು ಮಾತ್ರ ಹೊರಗಿಟ್ಟು ಹೂತಿರುತ್ತದೆ. ಬಂಡೆಯ ಮೇಲೆ ಬಂಡೆಯಂತೆಯೇ ಇರುವ ಚೇಳುಮೀನು ಇದೆ. ಚುಚ್ಚಿದರೆ ಮುಳ್ಳಿನ ಚೂರು ತೆಗೆದು, 45 ಡಿಗ್ರಿ ಮೀರದ, ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು, ನೀರಿನ ಬಿಸಿಯನ್ನು ನೋವಿಲ್ಲದ ಇನ್ನೊಂದು ಕೈಯಿಂದ ಪರೀಕ್ಷಿಸಬೇಕು. ಉಸಿರಾಟದ ತೊಂದರೆ, ಊತ ಹರಡುವುದು ಕಂಡರೆ ಆಸ್ಪತ್ರೆ.

ಕೊನೆಯದಾಗಿ ಪಿನ್ನಾ ನೋಬಿಲಿಸ್. ಹುಲ್ಲಿನ ನಡುವೆ ಚೂಪು ತುದಿ ನೆಲದಲ್ಲಿ ನೆಟ್ಟು ನಿಲ್ಲುವ, ಒಂದು ಮೀಟರ್‌ವರೆಗೂ ಬೆಳೆಯುವ ಚಿಪ್ಪುಪ್ರಾಣಿ. 2016ರ ಶರತ್ಕಾಲದಲ್ಲಿ ಸ್ಪೇನ್ ತೀರದಲ್ಲಿ ಒಂದು ಪರೋಪಜೀವಿಯಿಂದ ಶುರುವಾದ ಸಾವು ಕೆಲವೇ ವರ್ಷಗಳಲ್ಲಿ ಮೆಡಿಟರೇನಿಯನ್‌ನ ಬಹುಭಾಗಕ್ಕೆ ಹರಡಿತು, ಈಗ ಅದು ಅಳಿವಿನ ಅಂಚಿನಲ್ಲಿದೆ. ಹುಲ್ಲಿನಲ್ಲಿ ಬಾಯಿ ತೆರೆದು ನಿಂತ ಖಾಲಿ ಚಿಪ್ಪುಗಳು ಇನ್ನೂ ಕಾಣುತ್ತವೆ. ಅವನ್ನು ಕೀಳಬೇಡಿ, ಸ್ಪಂಜು, ಪುಟ್ಟ ಮೀನುಗಳಿಗೆ ಅವೇ ಮನೆ. ಆದರೆ ಪ್ರತಿಯೊಂದನ್ನೂ ಒಂದು ಕ್ಷಣ ಗಮನಿಸಿ. ಒಂದು ಮೀಟರ್ ದೂರದಿಂದ ಕೈಯ ನೆರಳು ಬಿದ್ದಾಗ ಚಿಪ್ಪು ಮುಚ್ಚಿಕೊಂಡರೆ ಅದು ಬದುಕಿದೆ. ಮುಟ್ಟದೆ, ಅಳತೆಗೆ ಏನಾದರೂ ಪಕ್ಕದಲ್ಲಿಟ್ಟು ಚಿತ್ರ ತೆಗೆದು, ಆಳ ಮತ್ತು ಜಾಗ ಬರೆದುಕೊಂಡು ಡೈವಿಂಗ್ ಕೇಂದ್ರದವರಿಗೆ ಅಥವಾ ಮೀಸಲು ಪ್ರದೇಶದ ಸಿಬ್ಬಂದಿಗೆ ಅಂದೇ ತಿಳಿಸಿ. ಜಾಗದ ವಿವರವನ್ನು ಬೇರೆಲ್ಲೂ ಹಾಕಬೇಡಿ.